ದ್ವಿದಳದ ತಿಂಗಳು

ಡೊಂಬಿವಲಿಯ ಆ ಚಾಳಿನಲ್ಲಿ ನಮಗಿದ್ದುದು ಎರಡು ಖೋಲಿ. ಹೊರಗಿನದರಲ್ಲಿ ಅಪ್ಪಯ್ಯನ ಮಂಚ, ಬಟ್ಟೆಯ ಕಪಾಟು, ರೈಲು ಹೋದಾಗಲೆಲ್ಲ ಸಣ್ಣಗೆ ನಡುಗುವ ಕನ್ನಡಿ. ಒಳಗಿನದು ಅಡುಗೆಮನೆಯೂ ಹೌದು, ದೇವರ ಮನೆಯೂ ಹೌದು, ಅಜ್ಜಿ ಮಲಗುವ ಜಾಗವೂ ಹೌದು. ನಡುವೆ ಗೋಡೆಯಿಲ್ಲದಿದ್ದರೂ ಅಜ್ಜಿ ಅದನ್ನು ಪಾಲು ಮಾಡಿಟ್ಟಿದ್ದಳು. ಕಡಪಾಕಲ್ಲಿನ ಕಟ್ಟೆಯ ಬಲಗಡೆ ಅವಳದು, ಮಡಿಯದು. ಎಡಗಡೆ ಉಳಿದವರದು. ನೆಲದ ಮೇಲೆ ಗೆರೆ ಎಳೆದಿರಲಿಲ್ಲ, ಆದರೂ ನಮ್ಮ ಕಾಲುಗಳಿಗೆ ಆ ಗೆರೆ ಗೊತ್ತಿತ್ತು. ಊರಲ್ಲಿದ್ದಾಗ ಅವಳ ಮಡಿ ಇನ್ನೂ ಬಿಗಿಯಾಗಿತ್ತು. ಇಲ್ಲಿ ನಲ್ಲಿಯ ನೀರು ಬರುವ ಹೊತ್ತಿಗೆ ಎಲ್ಲರೂ ಮೈಗೆ ಮೈ ತಾಗಿಸಿಕೊಂಡೇ ಕೊಡ ಹಿಡಿಯಬೇಕು. ಹಾಗಾಗಿ ಅಡುಗೆ ಮಾಡುವ ನಾನು ಸ್ನಾನ ಮಾಡಿ ಮುಟ್ಟಿದರೆ ಸಾಕು ಎನ್ನುವಲ್ಲಿಗೆ ಬಂದು ನಿಂತಿದ್ದಳು.

ಅಜ್ಜಿಯ ಪ್ರಕಾರ ಲೋಕದ ವಸ್ತುಗಳೆಲ್ಲ ಯಾವುದಾದರೊಂದು ಗುಂಪಿಗೆ ಸೇರಿದವು. ನೀರಲ್ಲಿ ಬೆಂದದ್ದು ಮುಸುರೆ, ಎಣ್ಣೆಯಲ್ಲಿ ಕರಿದದ್ದು ಅಲ್ಲ. ಏಕಾದಶಿಗೆ ಆಗುವುದು, ಆಗದಿರುವುದು. ಶ್ರಾದ್ಧಕ್ಕೆ ಬರುವ ತರಕಾರಿ, ಬಾರದ ತರಕಾರಿ. ಒಂದು ದಿನ ಒಳಗೆ ಬಂದ ಹೀರೆಕಾಯಿ ಇನ್ನೊಂದು ದಿನ ಹೊಸ್ತಿಲ ಆಚೆಗೇ ನಿಲ್ಲಬೇಕು. ಮಳೆ ಹಿಡಿದ ಮೇಲೆ ನಾಲ್ಕು ತಿಂಗಳು ಚಾತುರ್ಮಾಸ್ಯ. ಮೊದಲ ತಿಂಗಳು ತರಕಾರಿ ಬಿಡಬೇಕು, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು. ಕೊನೆಯದು ದ್ವಿದಳದ ತಿಂಗಳು. ಒಡೆದರೆ ಎರಡು ಹೋಳಾಗುವ ಕಾಳು ಯಾವುದೂ ಇಲ್ಲ. ತೊಗರಿಯಿಲ್ಲ, ಉದ್ದಿಲ್ಲ, ಹೆಸರಿಲ್ಲ, ಕಡಲೆಯಿಲ್ಲ. ಇಷ್ಟೆಲ್ಲ ಬಿಡುವ ಅಜ್ಜಿಗೆ ಬಿಡಲಾಗದ್ದು ಕಾಫಿ ಒಂದೇ. ಕಲ್ಯಾಣ ಸ್ಟೇಶನ್ನಿನ ಹತ್ತಿರದ ಸಸ್ಯಾಹಾರಿ ಹೋಟೆಲಿನಲ್ಲಿ ಅಪ್ಪಯ್ಯ ಹಣ ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂರುತ್ತಿದ್ದರು. ಅಲ್ಲಿಂದ ಅವರು ಹುರಿದ ಕಾಫಿಬೀಜ ತರುತ್ತಿದ್ದರು, ಅಜ್ಜಿ ಕೈಯಂತ್ರದಲ್ಲಿ ತಾನೇ ಪುಡಿ ಮಾಡುತ್ತಿದ್ದಳು. ಹಾಲು ಬಿಟ್ಟ ತಿಂಗಳಲ್ಲಿ ಕಪ್ಪು ಕಾಫಿಯನ್ನೇ ಕುಡಿದು ಮುಖ ಹಿಂಡಿಕೊಂಡು, ಮುಂದಿನ ತಿಂಗಳು ಹಾಲು ಬರ್ತದಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಅಜ್ಜಿ ಮೊದಲು ನನ್ನವಳಾಗಿದ್ದಳು. ಅಪ್ಪಯ್ಯ, ಅಮ್ಮ ಮುಂಬಯಿ ಕಡೆಗೆ ಬಂದಾಗ ನನ್ನನ್ನು ಉಡುಪಿಯ ಹತ್ತಿರದ ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟಿದ್ದರು. ಅಲ್ಲಿ ಕನ್ನಡ ಶಾಲೆಗೆ ಹೋದೆ. ಅಜ್ಜ ತೀರಿಕೊಂಡ ಮೇಲೆ ಅಜ್ಜಿಯೂ ನಾನೂ ಒಂದೇ ಟ್ರಂಕು ಹಿಡಿದುಕೊಂಡು ಡೊಂಬಿವಲಿಗೆ ಬಂದೆವು. ಇಲ್ಲಿ ನನ್ನನ್ನು ಮರಾಠಿ ಶಾಲೆಗೆ ಹಾಕಿದರು. ಅಕ್ಷರ ಗುರುತಿಸುವಷ್ಟರಲ್ಲಿ ಪರೀಕ್ಷೆ ಬಂತು, ಏಳನೆಯಲ್ಲಿ ನಪಾಸಾದೆ. ಅಮ್ಮನಿಗೆ ದಮ್ಮು ಇತ್ತು, ಒಗ್ಗರಣೆಯ ಹೊಗೆಗೆ ಉಸಿರು ಕಟ್ಟುತ್ತಿತ್ತು. ಒಂದು ವರ್ಷ ಮನೆಯಲ್ಲಿರಲಿ, ಮುಂದಿನ ವರ್ಷ ನೋಡುವ ಎಂದರು. ಆ ಮುಂದಿನ ವರ್ಷ ಯಾವುದೆಂದು ಆಮೇಲೆ ಯಾರೂ ಕೇಳಲಿಲ್ಲ. ನನ್ನ ತಂಗಿ ವೀಣಾ ನನಗಿಂತ ಬಹಳ ಚಿಕ್ಕವಳು, ಡೊಂಬಿವಲಿಯಲ್ಲೇ ಹುಟ್ಟಿದವಳು. ಮನೆಯಲ್ಲಿ ನಾವು ಆಡುತ್ತಿದ್ದುದು ತುಳು, ಇಲ್ಲಿ ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ವೀಣಾಳ ಬಾಯಲ್ಲಿ ಮಾತ್ರ ಒಂದು ಮಾತು ತುಳು, ಒಂದು ಮರಾಠಿ, ನಡುವೆ ಹಿಂದಿ. ಶಾಲೆಯಲ್ಲಿ ಅವಳು ಕೈ ಎತ್ತದ ಪ್ರಶ್ನೆಯಿರಲಿಲ್ಲ ಎಂದು ಪಕ್ಕದ ಮನೆಯ ಹುಡುಗಿ ಹೇಳುತ್ತಿದ್ದಳು.

ಸಂಜೆ ದೀಪ ಹಚ್ಚಿದ ಮೇಲೆ ವೀಣಾ ಅಕ್ಕಿಡಬ್ಬಿಗೆ ಬೆನ್ನು ಕೊಟ್ಟು ಕೂತು ಪಾಠ ಓದುತ್ತಿದ್ದಳು. ಅಜ್ಜಿ ಎದುರಿಗೆ ಕಾಲು ಚಾಚಿ ಬತ್ತಿ ಹೊಸೆಯುತ್ತಿದ್ದಳು. ವೀಣಾ ಒಂದು ಸಾಲು ಮರಾಠಿಯಲ್ಲಿ ಓದಿ ಅಜ್ಜಿಗೆ ತುಳುವಿನಲ್ಲಿ ಹೇಳುವಳು. ಚರಿತ್ರೆ, ಭೂಗೋಳ ಬಂದರೆ ಅಜ್ಜಿಗೆ ತೂಕಡಿಕೆ. ವಿಜ್ಞಾನದಲ್ಲಿ ಜೀವಿಗಳನ್ನು ಗುಂಪು ಮಾಡುವ ಪಾಠ ಬಂದ ದಿನ ಅಜ್ಜಿಯ ಕೈ ಬತ್ತಿಯ ಮೇಲೆ ನಿಂತಿತು. ದೊಡ್ಡ ದೊಡ್ಡವರು ಸೇರಿ ಜೀವ ಇರುವುದನ್ನೆಲ್ಲ ಐದು ಪಾಲು ಮಾಡಿದ್ದಾರೆ ಎಂದಳು ವೀಣಾ. ಕಣ್ಣಿಗೆ ಕಾಣದ ಒಂಟಿ ಕಣದವು ಒಂದು ಕಡೆ, ಅದಕ್ಕಿಂತ ಸ್ವಲ್ಪ ಮುಂದುವರಿದವು ಇನ್ನೊಂದು ಕಡೆ, ಅಣಬೆ ಮತ್ತು ಬೂಷ್ಟು ಬೇರೆ, ಗಿಡಮರ ಬೇರೆ, ಪ್ರಾಣಿಗಳು ಬೇರೆ.

"ಅವರೂ ನಮ್ಮ ಹಾಗೆ ಮಡಿ ಮೈಲಿಗೆ ಅಂತ ಬೇರೆ ಇಡ್ತಾರಾ?" ಎಂದು ಅಜ್ಜಿ ಕೇಳಿದಳು.

"ಇಲ್ಲ ಅಜ್ಜಿ. ಯಾರು ಯಾರಿಗೆ ಸಂಬಂಧ ಅಂತ ನೋಡ್ತಾರೆ. ಬಸ್, ಅಷ್ಟೇ."

"ಅಂದ್ರೆ ಗೋತ್ರ."

"ಹಾಂ, ತಸಂಚ್, ಹಾಗೇ. ಗೋತ್ರ."

ಅಲ್ಲಿಂದ ಶುರುವಾಯಿತು ಅವರಿಬ್ಬರ ಆಟ. ಅಜ್ಜಿ ಯಾವುದಾದರೂ ಹೆಸರು ಹೇಳುವಳು, ವೀಣಾ ಅದರ ಗೋತ್ರ ಹೇಳಬೇಕು. ಬಾವಲಿ ಹಕ್ಕಿಯಲ್ಲ, ಮರಿಗೆ ಹಾಲೂಡಿಸುವ ಗುಂಪಿನದು ಎಂದಾಗ ಅಜ್ಜಿ ನಂಬಲಿಲ್ಲ. ತಿಮಿಂಗಿಲವೂ ಅದೇ ಗುಂಪು ಎಂದಾಗ, ಸಮುದ್ರದೊಳಗೆ ಹೇಗೆ ಹಾಲೂಡಿಸುತ್ತದೆ ಪಾಪ ಎಂದು ಬಹಳ ಹೊತ್ತು ಯೋಚಿಸಿದಳು. ಅಣಬೆ ಗಿಡವೂ ಅಲ್ಲ ಪ್ರಾಣಿಯೂ ಅಲ್ಲ, ತನ್ನ ಊಟ ತಾನು ಮಾಡಿಕೊಳ್ಳಲಾರದೆ ಸತ್ತದ್ದರ ಮೇಲೆ ಬದುಕುತ್ತದೆ ಎಂದು ಕೇಳಿ, ಅದರ ಮುಖ ನೋಡಿಯೇ ನನಗೆ ಗೊತ್ತಿತ್ತು ಎಂದಳು. ಮೊಸರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ ಎಂದ ದಿನ ಮಾತ್ರ ನನಗೆ ಹೆದರಿಕೆಯಾಯಿತು. ಅಜ್ಜಿ ತಟ್ಟೆಯನ್ನೇ ನೋಡುತ್ತ ಕೂತಳು. ಅವು ಪ್ರಾಣಿಯ ಗುಂಪಲ್ಲ, ಒಂಟಿ ಕಣದ ಬೇರೆಯೇ ಪಾಲು ಎಂದು ವೀಣಾ ಬಿಡಿಸಿ ಹೇಳಿದ ಮೇಲೆ, ಹಾಗಾದರೆ ತಿನ್ನಬಹುದು ಎಂದು ಕಲಸಿಕೊಂಡಳು. ಗಿಡಗಳಲ್ಲಿ ಮತ್ತೆ ಎರಡು ಪಾಲು. ಬೀಜದೊಳಗೆ ಒಂದೇ ದಳವಿದ್ದರೆ ಏಕದಳ, ಎರಡಿದ್ದರೆ ದ್ವಿದಳ. ವೀಣಾಳ ಪುಸ್ತಕದಲ್ಲಿ ಇದ್ದ ಉದ್ದದ ಹೆಸರು ಬೇರೆ. ದ್ವಿದಳ ಎಂಬುದು ಅಜ್ಜಿಗಾಗಿ ಅವಳು ಹುಡುಕಿದ ಮಾತು. ಅದನ್ನು ಕೇಳಿ ಅಜ್ಜಿಗೆ ಆದ ಸಂತೋಷ ಹೇಳಿ ಮುಗಿಯದು. ನಮ್ಮ ವ್ರತದ ಮಾತು ಇವರ ಪುಸ್ತಕದಲ್ಲೂ ಉಂಟು ಎಂದು ಚಾಳಿನ ಗ್ಯಾಲರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳು. ಬಾಳೆಲೆ ತಂದು ನರ ನೋಡಿದರು. ನೇರ ಗೆರೆ, ಏಕದಳ. ವೀಳ್ಯದೆಲೆ ತಂದು ಬೆಳಕಿಗೆ ಹಿಡಿದರು. ಬಲೆ ಹೆಣೆದ ಹಾಗೆ, ದ್ವಿದಳ.

ನಾನು ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿರುತ್ತಿದ್ದೆ. ಚಪಾತಿ ಲಟ್ಟಿಸುತ್ತ ಇದನ್ನೆಲ್ಲ ಕೇಳುತ್ತಿದ್ದೆ. ಮರುದಿನ ಕೊತ್ತಂಬರಿ ಸೋಸುವಾಗ ಬೇರು ನೋಡುವೆ, ಶುಂಠಿ ಜಜ್ಜುವಾಗ ಇದು ಯಾವ ಪಾಲಿನದು ಎಂದು ಊಹಿಸುವೆ. ಬಾಯಿಬಿಟ್ಟು ಒಂದು ದಿನವೂ ಕೇಳಲಿಲ್ಲ. ನನಗಿಂತ ಚಿಕ್ಕವಳ ಮುಂದೆ ಗೊತ್ತಿಲ್ಲ ಎನ್ನುವುದು ಹೇಗೆ? ಒಂದು ಮಧ್ಯಾಹ್ನ ಪಕ್ಕದ ಮನೆಯವರು ಬಂದು ಕೂತಾಗ ಅಜ್ಜಿ ವೀಣಾಳನ್ನು ಹೊಗಳುತ್ತ, ಇವಳು ಓದಿ ಹೇಳಿದ ಮೇಲೆ ನನಗೆ ಕಣ್ಣು ಬಂದ ಹಾಗಾಯಿತು ಎಂದಳು. ವಾರಿಜ, ಎಂದರೆ ನಾನು, ಏನು ಮಾಡುತ್ತಾಳೆ ಎಂದು ಅವರು ಕೇಳಿದರು. ಅವಳಿಗೆ ಅಡುಗೆ ಒಂದು ಬರ್ತದೆ ಎಂದಳು ಅಜ್ಜಿ. ಪ್ರೀತಿಯಿಂದಲೇ ಹೇಳಿದ್ದು. ನಾನು ಬಾಗಿಲ ಹಿಂದೆ ಚಹಾದ ಲೋಟ ಹಿಡಿದು ನಿಂತಿದ್ದೆ.

ಆ ವರ್ಷ ಹಾಲು ಬಿಟ್ಟ ತಿಂಗಳು ಮುಗಿಯುತ್ತ ಬಂದಿತ್ತು. ವೀಣಾ ಆಗ ಹತ್ತನೆಯಲ್ಲಿದ್ದಳು. ಅವಳು ಶಾಲೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ನಾನು ಕಾಫಿ ಯಾವ ಪಾಲಿನದು ಎಂದು ಕೇಳಿದೆ. ವೀಣಾ ತಿರುಗಿ ನೋಡಿದಳು. ಪಾಠದ ವಿಷಯ ನಾನು ಅವಳನ್ನು ಕೇಳಿದ್ದು ಅದೇ ಮೊದಲು. ಅವಳ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. ತನಗೆ ಗೊತ್ತಿಲ್ಲ, ನಾಳೆ ಟೀಚರನ್ನು ಕೇಳಿಕೊಂಡು ಬರುತ್ತೇನೆ ಎಂದಳು. ಮರುದಿನ ಚಪ್ಪಲಿ ಬಿಡುವುದಕ್ಕೂ ಮೊದಲೇ ಬಾಗಿಲಲ್ಲಿ ನಿಂತು ಹೇಳಿದಳು.

"ಅಕ್ಕ, ಕೇಳಿದೆ. ದ್ವಿದಳವೇ. ಪಕ್ಕಾ. ಇನ್ನೂ ಎಂತಾದ್ರೂ ಕೇಳ್ಬೇಕಾ? ಕೇಳು ನಾ."

ಸದ್ಯಕ್ಕೆ ಇಷ್ಟು ಸಾಕು ಎಂದೆ.

ದ್ವಿದಳದ ತಿಂಗಳ ಮೊದಲ ಬೆಳಿಗ್ಗೆ ವೀಣಾ ಶಾಲೆಗೆ ಹೋಗಿಯಾಗಿತ್ತು. ಅಜ್ಜಿ ಪೂಜೆ ಮುಗಿಸಿ ಕಟ್ಟೆಯ ಪಕ್ಕ ಬಂದು ಕೂತಳು. ನಾನು ಗಟ್ಟಿ ಹಾಲು ಕಾಸಿ ಕಾಫಿ ಮಾಡಿ ಅವಳ ಲೋಟಕ್ಕೆ ಬಗ್ಗಿಸಿದೆ. ಒಂದು ತಿಂಗಳ ಮೇಲೆ ಸಿಕ್ಕ ಆ ಬಣ್ಣವನ್ನು ಅವಳು ನೋಡುತ್ತಿದ್ದಳು. ನಾನು ಡಬ್ಬಿಯಿಂದ ಒಂದು ಬೀಜ ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ. ಅದರ ನಡುವಿನ ಸೀಳೇ ಎರಡು ದಳದ ಗುರುತು ಎಂದು ನಾನು ತಿಳಿದಿದ್ದೆ. ಅದು ಹಾಗಲ್ಲ ಎಂದು ಗೊತ್ತಾದದ್ದು ಬಹಳ ವರ್ಷದ ಮೇಲೆ.

"ಅಜ್ಜಿ, ಕಾಫಿಯೂ ದ್ವಿದಳವಂತೆ. ವೀಣಾ ಹೇಳಿದಳು. ಅವಳ ಟೀಚರೂ ಹೌದು ಅಂದರಂತೆ."

ಅಜ್ಜಿ ಸಿಟ್ಟಾಗುತ್ತಾಳೆ, ವೀಣಾಳ ಓದು ಅಧಿಕಪ್ರಸಂಗ ಎನ್ನುತ್ತಾಳೆ, ಸಂಜೆಯ ಆಟ ಅಲ್ಲಿಗೆ ನಿಲ್ಲುತ್ತದೆ ಎಂದು ನಾನು ಅಂದುಕೊಂಡಿದ್ದೆ. ಅಜ್ಜಿ ಬೀಜವನ್ನು ಕೈಗೆ ತೆಗೆದುಕೊಂಡು ಉಗುರಿನಿಂದ ಆ ಸೀಳನ್ನು ಮುಟ್ಟಿ ನೋಡಿದಳು. ಆಮೇಲೆ ಲೋಟವನ್ನು ಕಟ್ಟೆಯ ಎಡಗಡೆಗೆ, ನಮ್ಮ ಪಾಲಿಗೆ, ಸರಿಸಿದಳು.

"ಇಷ್ಟು ವರ್ಷ ಗೊತ್ತಿಲ್ಲದೆ ಕುಡಿದೆ. ಮಗು ಓದಿದ್ದು ಸುಳ್ಳಾಗ್ತದಾ? ನೀನು ಕುಡಿ."

ಆ ಕಾಫಿಯನ್ನು ನಾನೇ ಕುಡಿದೆ. ರುಚಿ ಚೆನ್ನಾಗಿಯೇ ಇತ್ತು.

ಮಧ್ಯಾಹ್ನಕ್ಕೆ ಅಜ್ಜಿಗೆ ತಲೆಸಿಡಿತ ಶುರುವಾಯಿತು. ಹಣೆಗೆ ಬಟ್ಟೆ ಬಿಗಿದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸಂಜೆ ವಿಷಯ ತಿಳಿದು ವೀಣಾ ಬೆಪ್ಪಾದಳು. ಪುಸ್ತಕದ ಮಾತು ಬೇರೆ, ವ್ರತ ಬೇರೆ ಎಂದು ಅಜ್ಜಿಯನ್ನು ಒಪ್ಪಿಸಲು ನೋಡಿದಳು. ಪುಸ್ತಕದ ಪ್ರಕಾರ ಹೋದರೆ ಒಳ್ಳೆಮೆಣಸೂ ದ್ವಿದಳ, ಜೀರಿಗೆಯೂ ದ್ವಿದಳ, ಗೆಣಸೂ ಮಾವೂ ದ್ವಿದಳ, ಅದನ್ನೆಲ್ಲ ತಿನ್ನುತ್ತೀಯಲ್ಲ ಎಂದು ವಾದ ಹೂಡಿದಳು. ವಾದ ಗೆಲ್ಲುವುದಕ್ಕೆ ಆಡಿದ ಮಾತು ಅದು. ಅಜ್ಜಿ ಮರುದಿನದಿಂದ ಒಳ್ಳೆಮೆಣಸು, ಜೀರಿಗೆ, ಗೆಣಸು ಎಲ್ಲವನ್ನೂ ಬಿಟ್ಟಳು. ಉಳಿದದ್ದು ಅನ್ನ, ತುಪ್ಪ, ಉಪ್ಪು, ಬೇಯಿಸಿದ ಬಾಳೆಕಾಯಿ. ಅಮ್ಮ ವೀಣಾಳನ್ನು ಬೈದಳು. ಹೋಟೆಲಿನಿಂದ ಬಂದ ಅಪ್ಪಯ್ಯನೂ ಬೈದರು. ಮುದುಕಿಯ ಬಾಯಿಂದ ಕಾಫಿ ಕಸಿದುಕೊಳ್ಳುವುದಕ್ಕಾ ನಿನ್ನನ್ನು ಶಾಲೆಗೆ ಕಳಿಸುವುದು ಎಂದರು. ಕಾಫಿಯ ಮಾತು ತೆಗೆದವಳು ಅಕ್ಕ ಎಂದು ವೀಣಾ ಹೇಳಬಹುದಿತ್ತು. ಒಮ್ಮೆ ನನ್ನ ಕಡೆ ನೋಡಿದಳು. ನಾನು ಪಾತ್ರೆ ತಿಕ್ಕುತ್ತಿದ್ದೆ.

ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಅಜ್ಜಿ ದೀಪಕ್ಕೆ ಎಣ್ಣೆ ಹಾಕಲು ಎದ್ದವಳು ಕಣ್ಣು ಕತ್ತಲೆ ಬಂದು ಕಟ್ಟೆ ಹಿಡಿದುಕೊಂಡು ಕುಸಿದಳು. ನಾನೂ ವೀಣಾಳೂ ಎತ್ತಿ ಮಲಗಿಸಿದೆವು. ಆ ಸಂಜೆ ವೀಣಾ ಪುಸ್ತಕ ತೆಗೆದು ಅಜ್ಜಿಯ ತಲೆಯ ಹತ್ತಿರ ಕೂತಳು. ನಾನು ನೀರು ತಂದು ಕೊಡುವಾಗ ಹಾಳೆಯ ಕಡೆ ಕಣ್ಣು ಹೋಯಿತು. ಅಲ್ಲಿ ವಿದ್ಯುತ್ತಿನ ತಂತಿಯ, ಬಲ್ಬಿನ ಚಿತ್ರವಿತ್ತು. ಆ ಹಾಳೆಯ ಮೇಲೆ ಬೆರಳಿಟ್ಟು ವೀಣಾ ಗಿಡಗಳ ಪಾಠ ಓದಿದಳು. ಓದುವ ದನಿಯಲ್ಲೇ, ಮರಾಠಿಯಲ್ಲೇ, ಇಲ್ಲದ ಸಾಲುಗಳನ್ನು ಒಂದಾದ ಮೇಲೊಂದು ಓದಿದಳು.

"ನಾನು ಉಲ್ಟಾ ತಿಳ್ಕೊಂಡಿದ್ದೆ ಅಜ್ಜಿ. ಕಾಫಿ, ಒಳ್ಳೆಮೆಣಸು, ಜೀರಿಗೆ, ಗೆಣಸು, ಮಾವು ಎಲ್ಲ ಏಕದಳ. ಟೀಚರು ಎಲ್ಲರ ಎದುರು ಬೈದರು, ನಿನ್ನ ತಲೆಗೆ ಸೈನ್ಸ್ ಹೋಗೋದಿಲ್ಲ ಅಂತ."

ಅಜ್ಜಿ ಅವಳ ಮುಖ ನೋಡಿದಳು. ನಿಜವಾ ಎಂದು ಕೇಳಿದಳು. ದೇವರಾಣೆ ಎಂದಳು ವೀಣಾ. ಹಾಗೆ ಹೇಳುವಾಗ ಅವಳ ಬೆರಳು ಇನ್ನೂ ಬಲ್ಬಿನ ಮೇಲೆಯೇ ಇತ್ತು. ನಾನು ಒಲೆ ಹಚ್ಚಿ ಹಾಲಿಟ್ಟೆ. ನನಗೆ ಗೊತ್ತಿದ್ದಷ್ಟು ಚೆನ್ನಾಗಿ ಆ ಮನೆಯಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ, ವೀಣಾಳಿಗೆ ಏನೂ ಉಲ್ಟಾ ಆಗಿರಲಿಲ್ಲವೆಂದು. ಅವಳು ಅಷ್ಟು ಪ್ರೀತಿಯಿಂದ ಕಲಿತದ್ದನ್ನು ಅಜ್ಜಿಯ ಒಂದು ಲೋಟ ಕಾಫಿಗಾಗಿ ತಾನೇ ಸುಳ್ಳು ಮಾಡಿದ್ದಳು.

ಅಜ್ಜಿ ಕಾಫಿ ಕುಡಿದಳು. ಅವಳ ಅಕ್ಕರೆ ಕಡಿಮೆಯಾಗಲಿಲ್ಲ, ನಂಬಿಕೆ ಕಡಿಮೆಯಾಯಿತು. ವೀಣಾ ಓದುವಾಗಲೆಲ್ಲ, ಸರಿಯಾಗಿ ನೋಡಿ ಓದು ಮಗಾ, ಮತ್ತೆ ಉಲ್ಟಾ ಆದೀತು ಎನ್ನತೊಡಗಿದಳು. ಅಪ್ಪಯ್ಯ ಅವಳಿಗೆ ಉಲ್ಟಾ ಪಂಡಿತೆ ಎಂದು ಹೆಸರಿಟ್ಟರು. ಎಲ್ಲರೂ ನಕ್ಕರು, ಅವಳೂ ನಕ್ಕಳು. ನಿಧಾನವಾಗಿ ಅವಳು ಗಟ್ಟಿಯಾಗಿ ಓದುವುದನ್ನು ಬಿಟ್ಟು ಹೊರಗಿನ ಖೋಲಿಯಲ್ಲಿ ತನ್ನಷ್ಟಕ್ಕೆ ಓದತೊಡಗಿದಳು. ಅಡುಗೆಮನೆಯಲ್ಲಿ ಸಂಜೆ ಕುಕ್ಕರಿನ ಸದ್ದು ಮಾತ್ರ ಉಳಿಯಿತು. ಅವಳ ಓದಿನ ದನಿಯಿಲ್ಲದ ಸಂಜೆಗಳಲ್ಲಿ ನನಗೆ ಅರ್ಥವಾಯಿತು, ನಾನು ನಿಲ್ಲಿಸಿದ್ದು ಅವಳ ಆಟವನ್ನಷ್ಟೇ ಅಲ್ಲ. ನನ್ನ ಶಾಲೆಯೂ ಅದೇ ಆಗಿತ್ತು.

ಹತ್ತನೆಯಲ್ಲಿ ವೀಣಾಳಿಗೆ ಒಳ್ಳೆಯ ಮಾರ್ಕು ಬಂತು. ಸೈನ್ಸಿಗೆ ಹೋಗುತ್ತೇನೆ, ಗಿಡಗಳ ವಿಷಯ ಓದುತ್ತೇನೆ ಎಂದು ಅವಳು ಅಪ್ಪಯ್ಯನಿಗೆ ಹೇಳಿದಳು. ನೋಡುವ ಎಂದರು ಅಪ್ಪಯ್ಯ. ಆ ಭಾನುವಾರ ನಾನು ಗ್ಯಾಲರಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಅವರು ಬಂದು ಪಕ್ಕದಲ್ಲಿ ನಿಂತರು.

"ಮಾರ್ಕು ಉಂಟು, ಇಲ್ಲ ಅಂತ ಅಲ್ಲ. ಆದ್ರೆ ಆ ಕಾಫಿ ಸಂಗತಿ ನೆನಪಾಗ್ತದೆ. ನೀನು ದಿನಾ ಕೇಳಿದವಳು, ವಾರಿಜ. ಅವಳಿಗೆ ಅದು ಅರ್ಥ ಆಗ್ತದಾ?"

ಓದಿನ ವಿಷಯದಲ್ಲಿ ಅಪ್ಪಯ್ಯ ನನ್ನನ್ನು ಕೇಳಿದ್ದು ಹಿಂದೆ ಇರಲಿಲ್ಲ, ಮುಂದೆಯೂ ಇರಲಿಲ್ಲ. ಒಂದು ಮಾತು ಸಾಕಿತ್ತು. ಅವಳು ಹೇಳಿದ್ದೇ ಸರಿ, ಅಜ್ಜಿಗೋಸ್ಕರ ಸುಳ್ಳು ಹೇಳಿದಳು ಎಂದರೆ ಮುಗಿಯುತ್ತಿತ್ತು. ನಾನು ಅಪ್ಪಯ್ಯನ ಅಂಗಿಯನ್ನು ಕೊಡವಿ ಹಗ್ಗಕ್ಕೆ ಹಾಕಿದೆ.

"ಆಗಾಗ ಉಲ್ಟಾ ಆಗ್ತದೆ ಅಪ್ಪಯ್ಯ."

ವೀಣಾಳನ್ನು ಕಾಮರ್ಸಿಗೆ ಸೇರಿಸಿದರು. ಆ ದಿನ ಬಚ್ಚಲಿನಲ್ಲಿ ಅವಳು ನೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು. ಯಾಕೆ ಹಾಗೆ ಹೇಳಿದೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೊಟ್ಟೆಕಿಚ್ಚು ಎಂದರೆ ಸುಳ್ಳಲ್ಲ. ಆದರೆ ಇನ್ನೊಂದೂ ಇತ್ತು. ಸೈನ್ಸ್ ಎಂದರೆ ದೂರದ ಕಾಲೇಜು, ಪ್ರಾಕ್ಟಿಕಲ್ಲು, ಲೋಕಲ್ ರೈಲಿನಲ್ಲಿ ಜೋತುಬಿದ್ದು ಕತ್ತಲಾದ ಮೇಲೆ ಮನೆಗೆ ಬರುವುದು. ಕಾಮರ್ಸಾದರೆ ಬೆಳಗಿನ ಕಾಲೇಜು, ಸಂಜೆ ಮನೆಯಲ್ಲೇ ಇರುತ್ತಾಳೆ. ಯಾವತ್ತಾದರೂ ಮತ್ತೆ ಅಕ್ಕಿಡಬ್ಬಿಗೆ ಬೆನ್ನು ಕೊಟ್ಟು ಕೂತಾಳು ಎಂದು ನನಗೆ ಆಸೆ. ಅವಳು ಕೂರಲಿಲ್ಲ. ನಾನೂ ಕರೆಯಲಿಲ್ಲ.

ಅಜ್ಜಿ ಹೋದಳು, ಆಮೇಲೆ ಅಮ್ಮ, ಅಪ್ಪಯ್ಯ. ಚಾಳು ಹೋಗಿ ಅಲ್ಲಿ ಎತ್ತರದ ಕಟ್ಟಡ ಬಂತು. ನಾನು ಮದುವೆಯಾಗಿ ಟಿಟ್ವಾಳಾಕ್ಕೆ ಬಂದೆ. ವೀಣಾ ಠಾಣೆಯಲ್ಲಿದ್ದಾಳೆ, ನವಿ ಮುಂಬಯಿಯ ಒಂದು ಕಂಪನಿಯ ಅಕೌಂಟ್ಸಿನಲ್ಲಿ ದೊಡ್ಡ ಕೆಲಸ. ಅವಳಿಗೆ ಯಾವುದಕ್ಕೂ ಕೊರತೆಯಿಲ್ಲ. ಬಾಲ್ಕನಿಯಲ್ಲಿ ಕುಂಡಗಳಿಗೆ ಜಾಗವಿಲ್ಲದೆ ಬಟ್ಟೆ ಒಳಗೆ ಒಣಗಿಸುತ್ತಾಳೆ. ಒಂದು ಸಲ ಅವಳ ಮಗಳು ಯಾವುದೋ ಗಿಡದ ಫೋಟೋ ತೆಗೆದು ಮೊಬೈಲಿನಲ್ಲಿ ಹೆಸರು ಹುಡುಕುತ್ತಿದ್ದಾಗ, ವೀಣಾ ಒಗ್ಗರಣೆ ಹಾಕುತ್ತಲೇ ಅದರ ಕುಟುಂಬದ ಹೆಸರು ಹೇಳಿದಳು. ಮೊಬೈಲು ಅದನ್ನೇ ಹೇಳಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ವರ್ಷ ಒಂದು ಸಂಕಷ್ಟಿಯ ದಿನ ವೀಣಾ ಟಿಟ್ವಾಳಾದ ಗಣಪತಿಗೆಂದು ಬಂದವಳು ಮನೆಗೆ ಬಂದಳು. ಊಟ ಮಾಡುವಂತಿಲ್ಲ, ಇಬ್ಬರಿಗೂ ಉಪವಾಸ. ಸೋಫಾ ಬಿಟ್ಟು ನೆಲದ ಮೇಲೆ ಕೂತಿದ್ದೆವು. ನಾನು ಎಲ್ಲವನ್ನೂ ಹೇಳಿದೆ. ಕಾಫಿಯ ವಿಷಯ ಯಾಕೆ ಕೇಳಿದ್ದು ಎಂಬುದನ್ನು ಹೇಳಿದೆ. ಬಲ್ಬಿನ ಚಿತ್ರ ನೋಡಿದ್ದನ್ನು ಹೇಳಿದೆ. ಅಪ್ಪಯ್ಯ ಗ್ಯಾಲರಿಯಲ್ಲಿ ಕೇಳಿದ್ದು, ನಾನು ಕೊಟ್ಟ ಉತ್ತರ, ಇದು ಅವಳಿಗೆ ಗೊತ್ತೇ ಇರಲಿಲ್ಲ. ಅಪ್ಪಯ್ಯನೇ ತೀರ್ಮಾನ ಮಾಡಿದ್ದು ಎಂದು ಇಷ್ಟು ವರ್ಷ ತಿಳಿದಿದ್ದಳು. ಅವಳು ಸೆರಗಿನ ಅಂಚನ್ನು ಮಡಿಸುತ್ತ, ಬಿಚ್ಚುತ್ತ ಕೂತಳು. ಆಮೇಲೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಜಾವೂ ದೇ ಅಕ್ಕ, ಬಿಡು. ಸೈನ್ಸ್ ತಗೊಂಡಿದ್ರೆ ನಾನು ಪಾಸೇ ಆಗ್ತಿರ್ಲಿಲ್ಲ."

ಅವಳ ದನಿ ನನಗೆ ಗುರುತು ಸಿಕ್ಕಿತು. ಒಬ್ಬರಿಗೆ ಸಮಾಧಾನವಾಗಲೆಂದು ಇಲ್ಲದ್ದನ್ನು ಓದುವ ದನಿ.

"ಅಜ್ಜಿಗೆ ಹೇಳಿದ ಹಾಗೆ ನನಗೆ ಹೇಳ್ಬೇಡ ವೀಣಾ. ನನಗೆ ಬೇಡ."

ಮೊಣಕಾಲಿನ ಮೇಲಿದ್ದ ಕೈಯನ್ನು ಅವಳು ತೆಗೆದಳು. ಆಮೇಲೆ ಶುರು ಮಾಡಿದಳು. ಮೆಲ್ಲಗೆ ಶುರುವಾದ ದನಿ ಏರಿತು, ತುಳು ಬಿಟ್ಟು ಮರಾಠಿಗೆ ಹೋಯಿತು. ಕಾಲೇಜಿನ ಮೊದಲ ದಿನ ಸೈನ್ಸಿನವರ ಲ್ಯಾಬಿನ ಕಿಟಕಿಯ ಹೊರಗೆ ನಿಂತದ್ದನ್ನು ಹೇಳಿದಳು. ಅಪ್ಪಯ್ಯನ ಮೇಲೆ ಸಿಟ್ಟಿನಿಂದ ಎಷ್ಟೋ ದಿನ ಮಾತು ಬಿಟ್ಟದ್ದನ್ನು, ಅವರು ಸಾಯುವಾಗಲೂ ಆ ಸಿಟ್ಟು ಪೂರ್ತಿ ಹೋಗದಿದ್ದುದನ್ನು ಹೇಳಿದಳು. ಅದು ನನ್ನ ಮೇಲೆ ಇರಬೇಕಾದ ಸಿಟ್ಟಾಗಿತ್ತು ಎಂದಳು. ನನ್ನನ್ನು ಕಳ್ಳಿ ಎಂದಳು. ಹುಟ್ಟಿದಾಗಿನಿಂದ ಅವಳು ನನಗೆ ಎದುರು ಮಾತಾಡಿದವಳಲ್ಲ. ಮರಾಠಿಯಲ್ಲಿ ನಪಾಸಾದವಳು ನಾನು, ಅವಳ ಒಂದು ಶಬ್ದವೂ ತಪ್ಪದೆ ಅರ್ಥವಾಗುತ್ತಿತ್ತು. ನಾನು ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ಉಸಿರು ತೆಗೆದುಕೊಳ್ಳಲು ಅವಳು ನಿಂತಳು. ಮೂಗು ಒರೆಸಿಕೊಂಡಳು.

"ಇನ್ನೂ ಉಂಟು," ಎಂದಳು.

"ಹೇಳು," ಎಂದೆ.